ಜರಡಿಯ ಆಚೆಗೆ: ಮೂತ್ರಪಿಂಡದ ನಾಳಿಕೆಗಳಲ್ಲಿರುವ ಗ್ರಾಹಕ ಪ್ರೋಟೀನುಗಳು ಮತ್ತು ದೀರ್ಘಕಾಲೀನ ಕಾಯಿಲೆ

ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂಬ ವರದಿ ಕೈಗೆ ಬಂದಾಗ ಹೆಚ್ಚಿನವರು ಅದನ್ನು ಅರ್ಥಮಾಡಿಕೊಳ್ಳುವುದು ಒಂದೇ ಬಗೆಯಲ್ಲಿ: ಮೂತ್ರಪಿಂಡದ ಜರಡಿಯ ತೂತುಗಳು ದೊಡ್ಡದಾಗಿವೆ, ರಕ್ತದಲ್ಲಿ ಉಳಿಯಬೇಕಾದದ್ದು ಹೊರಗೆ ಸೋರುತ್ತಿದೆ. ಬಹುಪಾಲು ರೋಗಿಗಳ ಮಟ್ಟಿಗೆ ಈ ತಿಳಿವಳಿಕೆ ತಪ್ಪಲ್ಲ. ಆದರೆ ಜರಡಿಯನ್ನು ದಾಟಿದ ದ್ರವ ಆ ಕೂಡಲೇ ಮೂತ್ರವಾಗಿಬಿಡುವುದಿಲ್ಲ. ಅದು ಅತಿ ಸಣ್ಣದಾದ, ಸುತ್ತಿಸುತ್ತಿ ಸಾಗುವ ನಾಳಿಕೆಯೊಂದರಲ್ಲಿ ಹರಿಯಬೇಕು. ಹರಿಯುವಾಗ ನಾಳಿಕೆಯ ಒಳಗೋಡೆಯ ಜೀವಕೋಶಗಳು ದೇಹಕ್ಕೆ ಬೇಕಾದುದನ್ನೆಲ್ಲ ಆರಿಸಿ ಒಳಗೆಳೆದುಕೊಳ್ಳುತ್ತವೆ. ಜರಡಿಯಿಂದ ತಪ್ಪಿಸಿಕೊಂಡು ಬಂದ ಪ್ರೋಟೀನುಗಳನ್ನು ಹಿಡಿಯಲೆಂದೇ ಆ ಕೋಶಗಳ ಮೇಲ್ಮೈಯಲ್ಲಿ ಗ್ರಾಹಕ ಪ್ರೋಟೀನುಗಳಿವೆ. ಜರಡಿಗೆ ಆದ ಸಣ್ಣ ಹಾನಿಯೊಂದು ವರ್ಷಗಳ ಅವಧಿಯಲ್ಲಿ ಇಡೀ ಮೂತ್ರಪಿಂಡವನ್ನೇ ಕುಗ್ಗಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಗ್ರಾಹಕಗಳ ಕೆಲಸವನ್ನು ಅರಿಯದೆ ಮುಂದೆ ಹೋಗಲಾಗದು.

ಮೂತ್ರಪಿಂಡದ ರಚನೆಯಲ್ಲೋ ಕಾರ್ಯದಲ್ಲೋ ಕಂಡುಬಂದ ದೋಷ 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ ಎಂದು ವೈದ್ಯರು ಕರೆಯುತ್ತಾರೆ. ಅದನ್ನು ಅಳೆಯಲು ಎರಡು ಮುಖ್ಯ ಅಳತೆಗಳಿವೆ. ಒಂದು, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವ ಸೋಸಲ್ಪಡುತ್ತದೆ ಎಂಬ ಸೋಸುವಿಕೆಯ ವೇಗ. ಇದು 60ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಕಾಯಿಲೆ ಇದೆ ಎಂದರ್ಥ. ಇನ್ನೊಂದು, ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ (ಸ್ನಾಯುಗಳಿಂದ ಬರುವ ತ್ಯಾಜ್ಯ) ಎಷ್ಟು ಮಿಲಿಗ್ರಾಂ ಅಲ್ಬ್ಯುಮಿನ್ (ರಕ್ತದ್ರವದ ಮುಖ್ಯ ಪ್ರೋಟೀನು) ಇದೆ ಎಂಬ ಅನುಪಾತ. 30ಕ್ಕಿಂತ ಕಡಿಮೆಯಿದ್ದರೆ ಸಹಜ, 300ನ್ನು ಮೀರಿದರೆ ತೀವ್ರ. ಈ ಎರಡನೆಯ ಅಳತೆಯ ಹಿಂದೆ ಜರಡಿ ಮತ್ತು ನಾಳಿಕೆ ಎರಡರ ಪಾಲೂ ಇರುತ್ತದೆ, ಆದರೆ ವರದಿಯಲ್ಲಿ ಬರುವುದು ಒಂದೇ ಸಂಖ್ಯೆ. ಅದನ್ನು ಬಿಡಿಸಿ ಓದುವುದು ಮುಖ್ಯ ಎಂಬುದು ಈ ಲೇಖನದ ಕಳಕಳಿ.

ಪ್ರತಿ ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸೋಸುವ ಘಟಕಗಳು ಸರಾಸರಿ 10 ಲಕ್ಷದಷ್ಟಿವೆ. ಪ್ರತಿ ನೆಫ್ರಾನಿನ ತಲೆಯ ಭಾಗದಲ್ಲಿ ಗ್ಲಾಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಉಂಡೆ, ಅಂದರೆ ನಾವು ಜರಡಿ ಎಂದು ಕರೆದದ್ದು, ಇರುತ್ತದೆ. ಅದರ ಬೆನ್ನಿಗೇ ನಾಳಿಕೆ ಶುರುವಾಗುತ್ತದೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಆದರೆ ನಾವು ವಿಸರ್ಜಿಸುವ ಮೂತ್ರ ಒಂದೂವರೆ ಲೀಟರ್ ಆಸುಪಾಸು. ಉಳಿದುದೆಲ್ಲವೂ ನಾಳಿಕೆಯ ಕೋಶಗಳ ಮೂಲಕ ರಕ್ತಕ್ಕೆ ಮರಳುತ್ತದೆ. ಇದರಲ್ಲಿ ದೊಡ್ಡ ಪಾಲು ನಾಳಿಕೆಯ ಮೊದಲ ಭಾಗದ್ದು, ಅಂದರೆ ಪ್ರಾಕ್ಸಿಮಲ್ ನಾಳಿಕೆಯದ್ದು: ಸೋಸಿ ಬಂದ ನೀರು ಮತ್ತು ಸೋಡಿಯಂನ ಮೂರರಲ್ಲಿ ಎರಡು ಪಾಲು, ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳ ಹೆಚ್ಚುಕಡಿಮೆ ಪೂರ್ತಿ ಭಾಗ ಇಲ್ಲೇ ಮರುಹೀರಿಕೆಯಾಗುತ್ತದೆ. ಜರಡಿಯನ್ನು ದಾಟಿ ಬಂದ ಪ್ರೋಟೀನುಗಳು ಸಹ ಬಹುತೇಕ ಇಲ್ಲೇ ಹಿಡಿಯಲ್ಪಡುತ್ತವೆ.

ಗ್ರಾಹಕ ಹಿಡಿಯುವ ಬಗೆ

ಪ್ರಾಕ್ಸಿಮಲ್ ನಾಳಿಕೆಯ ಒಂದು ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದ್ರವ ಹರಿಯುವ ಕಡೆಗೆ ಮುಖಮಾಡಿದ ಅದರ ಮೇಲ್ಮೈ ತುಂಬ ಒತ್ತೊತ್ತಾಗಿ ನಿಂತ ಸೂಕ್ಷ್ಮ ಬೆರಳುಗಳು ಕಾಣಿಸುತ್ತವೆ. ಆ ಬೆರಳುಗಳ ಬುಡದಲ್ಲಿ, ಎರಡು ಬೆರಳುಗಳ ನಡುವೆ, ಕೋಶದ ಪೊರೆ ಅಲ್ಲಲ್ಲಿ ಒಳಗೆ ಬಾಗಿ ಸಣ್ಣ ಗುಳಿಗಳಾಗಿರುತ್ತದೆ. ಗುಳಿಗಳಿಗೆ ಕೋಶದ ಒಳಬದಿಯಿಂದ ಕ್ಲಾತ್ರಿನ್ ಎಂಬ ಪ್ರೋಟೀನಿನ ಹೊದಿಕೆ. ಈ ಗುಳಿಗಳಲ್ಲಿ ಗುಂಪುಗೂಡಿ ನಿಂತಿರುವವೇ ಮೆಗಾಲಿನ್ ಮತ್ತು ಕ್ಯೂಬಿಲಿನ್ ಎಂಬ ಎರಡು ಗ್ರಾಹಕಗಳು.

ಮೆಗಾಲಿನ್ ಬೃಹತ್ತಾದ ಅಣು. ಮನುಷ್ಯರಲ್ಲಿ ಅದು 4,655 ಅಮೈನೋ ಆಮ್ಲಗಳ ಸರಣಿ. ಅದರ ಬಹುಭಾಗ ಕೋಶದ ಹೊರಗೆ ದ್ರವದಲ್ಲಿ ಚಾಚಿಕೊಂಡಿದ್ದರೆ, 200ಕ್ಕಿಂತ ತುಸು ಹೆಚ್ಚು ಅಮೈನೋ ಆಮ್ಲಗಳ ಚಿಕ್ಕ ಬಾಲ ಮಾತ್ರ ಕೋಶದ ಒಳಗಿದೆ. ರಕ್ತದ ಕೊಲೆಸ್ಟರಾಲನ್ನು ಹಿಡಿಯುವ ಎಲ್‌ಡಿಎಲ್ ಗ್ರಾಹಕದ ಕುಟುಂಬಕ್ಕೇ ಇದೂ ಸೇರಿದೆ, ಮತ್ತು ಇದನ್ನು ರೂಪಿಸುವ ಎಲ್‌ಆರ್‌ಪಿ2 ಎಂಬ ಜೀನ್ 2ನೇ ವರ್ಣತಂತುವಿನಲ್ಲಿದೆ. ಕ್ಯೂಬಿಲಿನ್‌ನ ರಚನೆ ಬೇರೆ: 3,623 ಅಮೈನೋ ಆಮ್ಲಗಳ ಈ ಪ್ರೋಟೀನಿಗೆ ಪೊರೆಯನ್ನು ತೂರಿ ಒಳಹೋಗುವ ಭಾಗವೇ ಇಲ್ಲ. ಆದ್ದರಿಂದ ಅದು ಆಮ್ನಿಯೊನ್‌ಲೆಸ್ ಎಂಬ ಮತ್ತೊಂದು ಪ್ರೋಟೀನಿನ ಆಸರೆಯಲ್ಲಿ ಪೊರೆಗೆ ಅಂಟಿಕೊಂಡು ನಿಲ್ಲುತ್ತದೆ, ಮತ್ತು ಒಳಗೆ ಸಾಗುವಾಗ ಮೆಗಾಲಿನ್‌ನ ನೆರವನ್ನೂ ಪಡೆಯುತ್ತದೆ.

ಒಂದು ಅಲ್ಬ್ಯುಮಿನ್ ಅಣು ಈ ಹಾದಿಯಲ್ಲಿ ಏನಾಗುತ್ತದೆ ಎಂಬುದನ್ನು ಹಂತಹಂತವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಕಾಯಿಲೆಯ ವಿವರಗಳೆಲ್ಲ ಈ ಹಂತಗಳಲ್ಲೇ ಎಲ್ಲೋ ಒಂದು ಕಡೆ ಕೆಡುವುದರ ಬಗ್ಗೆ ಇವೆ. ಗ್ರಾಹಕಕ್ಕೆ ಅಲ್ಬ್ಯುಮಿನ್ ಅಂಟಿಕೊಳ್ಳುತ್ತದೆ. ಈ ಬಂಧಕ್ಕೆ ಕ್ಯಾಲ್ಸಿಯಂ ಬೇಕು. ಗುಳಿ ಇನ್ನಷ್ಟು ಒಳಗೆ ಬಾಗಿ, ಬಾಯಿ ಮುಚ್ಚಿ, ಸಣ್ಣ ಚೀಲವಾಗಿ ಕೋಶದ ಒಳಗೆ ಬೇರ್ಪಡುತ್ತದೆ. ಆ ಚೀಲದ ಪೊರೆಯಲ್ಲಿರುವ ಪಂಪುಗಳು ಒಳಕ್ಕೆ ಹೈಡ್ರೋಜನ್ ಅಯಾನುಗಳನ್ನು ತುಂಬಿ ಅದನ್ನು ಆಮ್ಲೀಯಗೊಳಿಸುತ್ತವೆ. ಆಮ್ಲೀಯತೆ ಹೆಚ್ಚಿದಂತೆ ಗ್ರಾಹಕದ ಹಿಡಿತ ಸಡಿಲವಾಗಿ ಅಲ್ಬ್ಯುಮಿನ್ ಕಳಚಿಕೊಳ್ಳುತ್ತದೆ. ಗ್ರಾಹಕವು ಮತ್ತೆ ಮೇಲ್ಮೈಗೆ ಮರಳಿ ಮುಂದಿನ ಅಣುವಿಗೆ ಸಿದ್ಧವಾಗುತ್ತದೆ. ಅಲ್ಬ್ಯುಮಿನ್ ಲೈಸೊಸೋಮ್ ಎಂಬ ಕೋಶಾಂಗಕ್ಕೆ ಹೋಗಿ ಅಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ, ಅವು ರಕ್ತಕ್ಕೆ ಸೇರುತ್ತವೆ. ಒಂದಿಷ್ಟು ಅಲ್ಬ್ಯುಮಿನ್ ಒಡೆಯದೆ ಹಾಗೆಯೇ ಕೋಶದ ಆ ಬದಿಗೆ ಸಾಗಿ ರಕ್ತಕ್ಕೆ ಮರಳುವ ಬೇರೊಂದು ಮಾರ್ಗವೂ ಇದೆ. ಆರೋಗ್ಯವಂತರಲ್ಲಿ ಈ ಕೆಲಸ ಎಷ್ಟು ಚೊಕ್ಕಟವಾಗಿ ನಡೆಯುತ್ತದೆ ಎಂದರೆ, ದಿನದ ಮೂತ್ರದಲ್ಲಿ ಉಳಿಯುವ ಅಲ್ಬ್ಯುಮಿನ್ 30 ಮಿಲಿಗ್ರಾಂ ಕೂಡ ಇರುವುದಿಲ್ಲ.

ಈ ಗ್ರಾಹಕಗಳು ಹಿಡಿಯುವುದು ಅಲ್ಬ್ಯುಮಿನ್ ಒಂದನ್ನೇ ಅಲ್ಲ. ಎ ವಿಟಮಿನ್ನನ್ನು ಹೊತ್ತ ಪ್ರೋಟೀನು, ಬಿ12ನ್ನು ಹೊತ್ತ ಪ್ರೋಟೀನು, ಇನ್ಸುಲಿನ್, ಬೀಟಾ-2 ಮೈಕ್ರೋಗ್ಲಾಬ್ಯುಲಿನ್, ಸ್ನಾಯುಗಳಿಂದ ಬರುವ ಮಯೋಗ್ಲೋಬಿನ್, ಒಡೆದ ರಕ್ತಕಣಗಳ ಹಿಮೋಗ್ಲೋಬಿನ್, ಹೀಗೆ ಪಟ್ಟಿ ಉದ್ದವಾಗಿದೆ. ಅವುಗಳಲ್ಲಿ ಡಿ ವಿಟಮಿನ್ನಿನ ಕತೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಯಕೃತ್ತಿನಲ್ಲಿ ಮೊದಲ ಬದಲಾವಣೆಗೆ ಒಳಗಾದ ಡಿ ವಿಟಮಿನ್ ರಕ್ತದಲ್ಲಿ ತನ್ನ ವಾಹಕ ಪ್ರೋಟೀನಿನ ಜೊತೆ ಸಂಚರಿಸುತ್ತದೆ. ಅದು ಪೂರ್ಣ ಸಕ್ರಿಯ ರೂಪಕ್ಕೆ ಬದಲಾಗುವುದು ಮುಖ್ಯವಾಗಿ ಮೂತ್ರಪಿಂಡದ ಪ್ರಾಕ್ಸಿಮಲ್ ನಾಳಿಕೆಯ ಕೋಶಗಳಲ್ಲಿ. ಹಾಗಾದರೆ ಅದು ಆ ಕೋಶದೊಳಕ್ಕೆ ಹೋಗುವುದು ಹೇಗೆ? ರಕ್ತದ ಕಡೆಯಿಂದ ತಾನಾಗಿಯೇ ಒಳಹೊಕ್ಕುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. 1999ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯದನ್ನೇ ತೋರಿಸಿತು: ವಾಹಕದ ಜೊತೆಗೇ ಜರಡಿಯನ್ನು ದಾಟಿ ಬಂದ ಡಿ ವಿಟಮಿನ್ನನ್ನು ನಾಳಿಕೆಯ ಒಳಗಿನಿಂದ ಮೆಗಾಲಿನ್ ಹಿಡಿದು ಕೋಶಕ್ಕೆ ಒಪ್ಪಿಸುತ್ತದೆ. ಮೆಗಾಲಿನ್ ಇಲ್ಲದ ಇಲಿಗಳಲ್ಲಿ ಡಿ ವಿಟಮಿನ್ ಮೂತ್ರದಲ್ಲಿ ಹೋಗಿಬಿಟ್ಟು ಮೂಳೆಗಳು ದುರ್ಬಲವಾದವು. ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆಯುಳ್ಳವರಲ್ಲಿ ಸಕ್ರಿಯ ಡಿ ವಿಟಮಿನ್ ಕಡಿಮೆಯಾಗಿ, ಮೂಳೆಯಿಂದ ಕ್ಯಾಲ್ಸಿಯಂ ಸೆಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ, ಮೂಳೆಗಳು ಸವೆಯುವುದಕ್ಕೆ ಹಲವು ಕಾರಣಗಳಿವೆ. ಸೋಸುವಿಕೆ ಕುಗ್ಗಿ, ಮೆಗಾಲಿನ್ ಕಡಿಮೆಯಾಗಿ, ಡಿ ವಿಟಮಿನ್ ಕೋಶವನ್ನು ತಲುಪದಿರುವುದು ಅವುಗಳಲ್ಲಿ ಒಂದು.

ಗ್ರಾಹಕ ಕೆಟ್ಟವರು ಕಲಿಸಿದ ಪಾಠ

ಮೆಗಾಲಿನ್ ಬೆಳಕಿಗೆ ಬಂದದ್ದು ಪ್ರೋಟೀನಿನ ಮರುಹೀರಿಕೆಯನ್ನು ಹುಡುಕುತ್ತಿದ್ದವರಿಂದಲ್ಲ. 1959ರಲ್ಲಿ ವಾಲ್ಟರ್ ಹೇಮನ್ ಮತ್ತು ಸಂಗಡಿಗರು ಇಲಿಗಳಿಗೆ ಮೂತ್ರಪಿಂಡದ ಸಾರವನ್ನು ಚುಚ್ಚಿ, ಅವುಗಳದೇ ರೋಗನಿರೋಧಕ ವ್ಯವಸ್ಥೆ ಅವುಗಳ ಮೂತ್ರಪಿಂಡದ ಮೇಲೆ ತಿರುಗಿಬೀಳುವ ಕಾಯಿಲೆಯನ್ನು ಉಂಟುಮಾಡಿದ್ದರು. ಆ ದಾಳಿಯ ಗುರಿ ಯಾವ ಪ್ರೋಟೀನು ಎಂಬ ಹುಡುಕಾಟದಲ್ಲಿ 1982ರಲ್ಲಿ ಡಾಂಚೊ ಕೆರ್ಜಾಶ್ಕಿ ಮತ್ತು ಮರ್ಲಿನ್ ಫಾರ್ಕರ್ ಅವರಿಗೆ ಸಿಕ್ಕಿದ್ದೇ ಈ ದೈತ್ಯ ಅಣು. ಇಲಿಗಳಲ್ಲಿ ಅದು ಜರಡಿಯ ಕೋಶಗಳ ಮೇಲೂ ಇರುವುದರಿಂದ ಅಲ್ಲಿ ಜರಡಿಯೇ ಹಾಳಾಗುತ್ತಿತ್ತು. ಮನುಷ್ಯರಲ್ಲಿ ಅದನ್ನು ಹೋಲುವ ಜರಡಿಯ ಕಾಯಿಲೆಗೆ ಮುಖ್ಯ ಗುರಿಯಾಗುವ ಪ್ರೋಟೀನು ಬೇರೆಯದು ಎಂದು 2009ರಲ್ಲಿ ತಿಳಿಯಿತು. ಆದರೂ ಮೆಗಾಲಿನ್‌ನ ವಿರುದ್ಧವೇ ಪ್ರತಿಕಾಯಗಳು ಹುಟ್ಟಿ, ನಾಳಿಕೆಗಳು ಹಾಳಾಗಿ, ಮೂತ್ರಪಿಂಡ ಸೋಲುವ ಅಪರೂಪದ ಕಾಯಿಲೆ ಮನುಷ್ಯರಲ್ಲೂ ಉಂಟು ಎಂಬುದು 2018ರಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಅದು ಹೆಚ್ಚಾಗಿ ಕಂಡುಬಂದಿರುವುದು ವಯಸ್ಸಾದವರಲ್ಲಿ.

ಹುಟ್ಟಿನಿಂದಲೇ ಈ ಗ್ರಾಹಕಗಳು ಸರಿಯಿಲ್ಲದವರ ಉದಾಹರಣೆಗಳು ಇನ್ನೂ ಹೆಚ್ಚು ತಿಳಿಸಿಕೊಟ್ಟಿವೆ. ಮೆಗಾಲಿನ್ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಡಾನ್ನೈ-ಬ್ಯಾರೊ ಸಿಂಡ್ರೋಮ್ ಬರುತ್ತದೆ ಎಂಬುದು 2007ರಲ್ಲಿ ಗೊತ್ತಾಯಿತು. ಕಿವುಡುತನ, ತೀವ್ರ ಸಮೀಪದೃಷ್ಟಿ, ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರತಂತುಗಳ ಕೊರತೆ, ಇವುಗಳ ಜೊತೆಗೆ ಮೂತ್ರದಲ್ಲಿ ಸಣ್ಣ ಪ್ರೋಟೀನುಗಳು ಸೋರುವುದು ಇದರ ಲಕ್ಷಣಗಳು. ಮೆಗಾಲಿನ್ ಮೂತ್ರಪಿಂಡಕ್ಕಷ್ಟೇ ಸೇರಿದ್ದಲ್ಲ, ಭ್ರೂಣದ ಬೆಳವಣಿಗೆಯಲ್ಲೂ ಅದಕ್ಕೆ ಪಾತ್ರವಿದೆ ಎಂಬುದು ಇದರಿಂದ ಖಚಿತವಾಯಿತು.

ಕ್ಯೂಬಿಲಿನ್‌ನ ಕತೆ ಕರುಳಿನಿಂದ ಶುರುವಾಗುತ್ತದೆ. 1960ರಲ್ಲಿ ನಾರ್ವೆಯ ಓಲ್ಗಾ ಇಮರ್‌ಸ್ಲುಂಡ್ ಮತ್ತು ಫಿನ್ಲೆಂಡಿನ ರಾಲ್ಫ್ ಗ್ರಾಸ್‌ಬೆಕ್ ಬೇರೆಬೇರೆಯಾಗಿ ವಿವರಿಸಿದ ಕಾಯಿಲೆಯಲ್ಲಿ ಮಕ್ಕಳಿಗೆ ಬಿ12 ಕೊರತೆಯಿಂದ ರಕ್ತಹೀನತೆ ಬರುತ್ತಿತ್ತು, ಜೊತೆಗೆ ಹಲವರ ಮೂತ್ರದಲ್ಲಿ ಪ್ರೋಟೀನ್ ಕೂಡ ಇರುತ್ತಿತ್ತು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12ನ್ನು ಹೀರಿಕೊಳ್ಳುವ ಗ್ರಾಹಕವೂ ಮೂತ್ರಪಿಂಡದ ನಾಳಿಕೆಯಲ್ಲಿ ಅಲ್ಬ್ಯುಮಿನ್ನನ್ನು ಹಿಡಿಯುವ ಗ್ರಾಹಕವೂ ಒಂದೇ ಎಂದು ತಿಳಿದ ಮೇಲೆ ಈ ಎರಡು ಲಕ್ಷಣಗಳು ಒಟ್ಟಿಗೆ ಬರುವುದಕ್ಕೆ ಅರ್ಥ ಸಿಕ್ಕಿತು. ಬಿ12 ಚುಚ್ಚುಮದ್ದು ಕೊಟ್ಟರೆ ರಕ್ತಹೀನತೆ ಹೋಗುತ್ತದೆ. ಮೂತ್ರದ ಪ್ರೋಟೀನ್ ಹಾಗೆಯೇ ಉಳಿಯುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ, ಇವರಲ್ಲಿ ಸಾಮಾನ್ಯವಾಗಿ ಮೂತ್ರಪಿಂಡ ಸೋಲುವುದಿಲ್ಲ.

ಇದೇ ಎಳೆ ಮುಂದೆ ಇನ್ನಷ್ಟು ಗಟ್ಟಿಯಾಯಿತು. ಕ್ಯೂಬಿಲಿನ್ ಜೀನಿನ ರೂಪಾಂತರಗಳಿಗೂ ಮೂತ್ರದ ಅಲ್ಬ್ಯುಮಿನ್‌ಗೂ ನಂಟಿದೆ ಎಂದು 2011ರಲ್ಲಿ ಸಾಮಾನ್ಯ ಜನಸಮುದಾಯದ ಅಧ್ಯಯನಗಳು ತೋರಿಸಿದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ಯೂಬಿಲಿನ್‌ನ ಒಂದು ತುದಿಯಲ್ಲಿ ಮಾತ್ರ ದೋಷವಿರುವವರಿಗೆ ಬಿ12 ಕೊರತೆಯೂ ಬರುವುದಿಲ್ಲ, ಮೂತ್ರದಲ್ಲಿ ವರ್ಷಗಟ್ಟಲೆ ಪ್ರೋಟೀನ್ ಹೋಗುತ್ತಿದ್ದರೂ ಮೂತ್ರಪಿಂಡದ ಕಾರ್ಯ ಸಹಜವಾಗಿಯೇ ಇರುತ್ತದೆ ಎಂದು ತೋರಿಸಿತು. ಇಂಥ ರೂಪಾಂತರಗಳನ್ನು ಹೊತ್ತವರಲ್ಲಿ ಸೋಸುವಿಕೆಯ ವೇಗ ಸ್ವಲ್ಪ ಹೆಚ್ಚೇ ಇತ್ತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದಲ್ಲಿ ಇತ್ತೀಚೆಗೆ ಹೊರಬಂದ ಅತ್ಯಂತ ಮಹತ್ವದ ಮಾತು ಇದು. ಮೂತ್ರದಲ್ಲಿ ಪ್ರೋಟೀನ್ ಕಾಣುವುದೇ ಮೂತ್ರಪಿಂಡಕ್ಕೆ ಕೇಡು ಎಂಬುದಾಗಿದ್ದರೆ ಇವರ ಮೂತ್ರಪಿಂಡಗಳು ಎಂದೋ ಹಾಳಾಗಬೇಕಿತ್ತು. ಇವರಲ್ಲಿ ಜರಡಿ ಸರಿಯಿದೆ. ಸಹಜವಾಗಿ ದಾಟಿಬರುವ ಅಲ್ಪ ಅಲ್ಬ್ಯುಮಿನ್ನನ್ನು ನಾಳಿಕೆಯ ಕೋಶಗಳು ಹಿಡಿಯುತ್ತಿಲ್ಲ, ಅಷ್ಟೇ. ಹಿಡಿಯದಿರುವುದರಿಂದ ಆ ಕೋಶಗಳಿಗೆ ಹೊರೆಯೂ ಇಲ್ಲ. ಇಂಥವರನ್ನು ಗುರುತಿಸದೆ ಹೋದರೆ ಬೇಡದ ಬಯಾಪ್ಸಿಗೆ, ಬೇಡದ ಔಷಧಿಗಳಿಗೆ, ಬೇಡದ ಭಯಕ್ಕೆ ಅವರನ್ನು ದೂಡಿದಂತಾಗುತ್ತದೆ.

ಹಾಗೆಂದು ಗ್ರಾಹಕ ಇಲ್ಲದಿದ್ದರೆ ಒಳ್ಳೆಯದು ಎಂದು ತೀರ್ಮಾನಿಸಲೂ ಆಗದು. ಡೆಂಟ್ ಕಾಯಿಲೆ ಇದಕ್ಕೆ ಎದುರು ಸಾಕ್ಷಿ. ಬಹುತೇಕ ಗಂಡಸರಲ್ಲೇ ಕಾಣಿಸುವ ಈ ಆನುವಂಶಿಕ ಕಾಯಿಲೆಯಲ್ಲಿ, ಕೋಶದೊಳಗಿನ ಚೀಲವನ್ನು ಆಮ್ಲೀಯಗೊಳಿಸಲು ಬೇಕಾದ ಸಿಎಲ್‌ಸಿ-5 ಎಂಬ ಪ್ರೋಟೀನು ಕೆಟ್ಟಿರುತ್ತದೆ. ಆಗ ಮೆಗಾಲಿನ್ ಮತ್ತು ಕ್ಯೂಬಿಲಿನ್ ಸರಿಯಾಗಿ ಮೇಲ್ಮೈಗೆ ಮರಳಲಾರದೆ ಅಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಸಣ್ಣ ಪ್ರೋಟೀನುಗಳು ಮೂತ್ರಕ್ಕೆ ಸೋರುತ್ತವೆ, ಕ್ಯಾಲ್ಸಿಯಂ ಹೆಚ್ಚಾಗಿ ಹೋಗುತ್ತದೆ, ಕಲ್ಲುಗಳಾಗುತ್ತವೆ, ಮತ್ತು ಅನೇಕರಲ್ಲಿ ಮಧ್ಯವಯಸ್ಸಿಗೆ ಬರುವಷ್ಟರಲ್ಲಿ ಮೂತ್ರಪಿಂಡ ಸೋಲುತ್ತದೆ. ಇಲ್ಲಿ ಕೆಟ್ಟಿರುವುದು ಗ್ರಾಹಕವೊಂದೇ ಅಲ್ಲ, ಕೋಶದ ಒಳಗಿನ ಸಾಗಣೆ ಮತ್ತು ಲೈಸೊಸೋಮ್‌ಗಳ ಕೆಲಸವೂ ಕೆಟ್ಟಿದೆ. ಒಂದು ಗ್ರಾಹಕ ಇಲ್ಲದಿರುವುದಕ್ಕೂ ಇಡೀ ವ್ಯವಸ್ಥೆ ಎಡವುವುದಕ್ಕೂ ವ್ಯತ್ಯಾಸವಿದೆ.

ಹೊರೆ ಹೆಚ್ಚಿದಾಗ

ಈಗ ಸಾಮಾನ್ಯವಾಗಿ ಕಾಣುವ ಕಾಯಿಲೆಗೆ ಬರೋಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಥವಾ ಜರಡಿಯ ಉರಿಯೂತದಿಂದ ಕೆಲವು ನೆಫ್ರಾನ್‌ಗಳು ಕೆಲಸ ನಿಲ್ಲಿಸುತ್ತವೆ. ಉಳಿದವು ಆ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳಬೇಕಾಗುತ್ತದೆ. ಅವುಗಳಲ್ಲಿ ಒತ್ತಡ ಏರಿ ಸೋಸುವಿಕೆ ಮಿತಿಮೀರುತ್ತದೆ. ಮಿತಿಮೀರಿದ ಒತ್ತಡದಲ್ಲಿ ಜರಡಿ ಇನ್ನಷ್ಟು ಸಡಿಲವಾಗಿ ಹೆಚ್ಚು ಅಲ್ಬ್ಯುಮಿನ್ ನಾಳಿಕೆಗೆ ನುಗ್ಗುತ್ತದೆ. ಹೀಗಾಗಿ ಉಳಿದುಕೊಂಡ ಪ್ರತಿ ನಾಳಿಕೆಯ ಗ್ರಾಹಕಗಳ ಮುಂದೆ ಬರುವ ಪ್ರೋಟೀನಿನ ಪ್ರಮಾಣ ಎರಡು ಕಾರಣಗಳಿಂದ ಏರುತ್ತದೆ: ದ್ರವವೂ ಹೆಚ್ಚು, ಆ ದ್ರವದಲ್ಲಿನ ಪ್ರೋಟೀನೂ ಹೆಚ್ಚು.

ಗ್ರಾಹಕಗಳು ತಮ್ಮ ಕೆಲಸ ಬಿಡುವುದಿಲ್ಲ. ಅವು ಹಿಡಿಯುತ್ತಲೇ ಹೋಗುತ್ತವೆ, ಕೋಶದೊಳಗೆ ಚೀಲಗಳು ತುಂಬುತ್ತಲೇ ಹೋಗುತ್ತವೆ, ಲೈಸೊಸೋಮ್‌ಗಳು ಉಬ್ಬುತ್ತವೆ. ಅಲ್ಬ್ಯುಮಿನ್ ಬರಿಗೈಯಲ್ಲಿ ಬರುವುದೂ ಇಲ್ಲ. ರಕ್ತದಲ್ಲಿ ಅದು ಕೊಬ್ಬಿನಾಮ್ಲಗಳ ವಾಹಕವಾದ್ದರಿಂದ ಅವನ್ನೂ ಹೊತ್ತೇ ಬರುತ್ತದೆ. ಪ್ರಾಕ್ಸಿಮಲ್ ನಾಳಿಕೆಯ ಕೋಶಗಳು ತಮ್ಮ ಶಕ್ತಿಗೆ ಮುಖ್ಯವಾಗಿ ಕೊಬ್ಬಿನಾಮ್ಲಗಳನ್ನೇ ಉರಿಸುತ್ತವೆ, ಅದಕ್ಕೆಂದೇ ಅವುಗಳಲ್ಲಿ ಮೈಟೊಕಾಂಡ್ರಿಯಗಳು ತುಂಬಿಕೊಂಡಿವೆ. ಆದರೆ ಉರಿಸಬಲ್ಲದ್ದಕ್ಕಿಂತ ಹೆಚ್ಚು ಬಂದರೆ, ಅಥವಾ ಕಾಯಿಲೆಯಿಂದ ಉರಿಸುವ ಸಾಮರ್ಥ್ಯವೇ ಕುಗ್ಗಿದರೆ, ಕೊಬ್ಬು ಕೋಶದೊಳಗೆ ಕೂಡಿಕೊಂಡು ಮೈಟೊಕಾಂಡ್ರಿಯಗಳನ್ನೇ ಹಾಳುಮಾಡುತ್ತದೆ. ಸಂಕಟಕ್ಕೆ ಸಿಲುಕಿದ ಕೋಶ ಉರಿಯೂತದ ಸಂಕೇತಗಳನ್ನು ಹೊರಹಾಕುತ್ತದೆ. ಆ ಸಂಕೇತಗಳನ್ನು ಅನುಸರಿಸಿ ಬಿಳಿ ರಕ್ತಕಣಗಳು ನಾಳಿಕೆಗಳ ನಡುವಿನ ಜಾಗಕ್ಕೆ ಬಂದು ಸೇರುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತ ಅಲ್ಲಿನ ಕೋಶಗಳನ್ನು ಕೊಲಾಜೆನ್ ನಾರು ಹೆಣೆಯಲು ಹಚ್ಚುತ್ತದೆ. ನಾಳಿಕೆಗಳ ನಡುವೆ ನಾರು ಬೆಳೆದಂತೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಹಿಂಡಿಹೋಗಿ ಆಮ್ಲಜನಕ ಕಡಿಮೆಯಾಗುತ್ತದೆ, ಅದರಿಂದ ಇನ್ನಷ್ಟು ನಾಳಿಕೆಗಳು ಸಾಯುತ್ತವೆ.

ಇಂಥ ಮೂತ್ರಪಿಂಡದ ಬಯಾಪ್ಸಿಯ ಚೂರನ್ನು ನಾರಿಗೆ ನೀಲಿ ಬಣ್ಣ ಹಿಡಿಸುವ ಟ್ರೈಕ್ರೋಮ್ ಬಣ್ಣದಲ್ಲಿ ಅದ್ದಿ ನೋಡಿದಾಗ, ಆರೋಗ್ಯವಂತ ಮೂತ್ರಪಿಂಡದಲ್ಲಿ ಒಂದಕ್ಕೊಂದು ತಾಗಿಕೊಂಡಿರಬೇಕಾದ ನಾಳಿಕೆಗಳು ದೂರದೂರ ಸರಿದು, ಸೊರಗಿ, ಅವುಗಳ ನಡುವೆಲ್ಲ ನೀಲಿ ತುಂಬಿರುವುದು ಕಾಣುತ್ತದೆ. ಜರಡಿಯ ಹಾನಿಗಿಂತ ಈ ನೀಲಿಯ ವಿಸ್ತಾರವೇ ಮೂತ್ರಪಿಂಡದ ಮುಂದಿನ ಗತಿಯನ್ನು ಹೆಚ್ಚು ನಿಖರವಾಗಿ ಹೇಳುತ್ತದೆ ಎಂಬುದು ರೋಗಶಾಸ್ತ್ರಜ್ಞರಿಗೆ 1960ರ ದಶಕದಿಂದಲೂ ಗೊತ್ತಿದೆ. ಕಾಯಿಲೆ ಶುರುವಾಗುವುದು ಜರಡಿಯಲ್ಲಾದರೂ ಅದರ ಗತಿ ತೀರ್ಮಾನವಾಗುವುದು ನಾಳಿಕೆಗಳ ನಡುವೆ.

ಇದರಲ್ಲಿ ಮೆಗಾಲಿನ್‌ನ ಪಾಲು ಎಷ್ಟು ಎಂಬುದನ್ನು ಅಳೆಯಲು ಸಂಶೋಧಕರು ಜಾಣತನದ ದಾರಿಯೊಂದನ್ನು ಕಂಡುಕೊಂಡರು. ಒಂದೇ ಇಲಿಯ ಒಂದೇ ನಾಳಿಕೆಯಲ್ಲಿ ಕೆಲವು ಕೋಶಗಳಲ್ಲಿ ಮೆಗಾಲಿನ್ ಇರುವಂತೆ, ಪಕ್ಕದ ಕೋಶಗಳಲ್ಲಿ ಇಲ್ಲದಂತೆ ಮಾಡಿದರೆ, ಎರಡೂ ಬಗೆಯ ಕೋಶಗಳು ಅದೇ ದ್ರವವನ್ನು ಎದುರಿಸುತ್ತವೆ. ವ್ಯತ್ಯಾಸವೇನಿದ್ದರೂ ಅದು ಗ್ರಾಹಕದಿಂದಲೇ ಬಂದಿರಬೇಕು. ಜರಡಿಗೆ ಪೆಟ್ಟು ಕೊಟ್ಟು ಪ್ರೋಟೀನ್ ಸೋರುವಂತೆ ಮಾಡಿದಾಗ, ಆರಂಭಿಕ ಹಾನಿಯ ಗುರುತುಗಳು ಮೆಗಾಲಿನ್ ಇರುವ ಕೋಶಗಳಲ್ಲೇ ಹೆಚ್ಚಾಗಿ ಕಂಡವು. ಅತಿಯಾದ ಕೊಬ್ಬಿನ ಆಹಾರ ಕೊಟ್ಟ ಇಲಿಗಳಲ್ಲೂ ಲೈಸೊಸೋಮ್‌ಗಳು ಕೆಟ್ಟದ್ದು ಮೆಗಾಲಿನ್ ಇದ್ದ ಕೋಶಗಳಲ್ಲೇ. ಆದರೆ ಇದೇ ಬಗೆಯ ಮತ್ತೊಂದು ಪ್ರಯೋಗದಲ್ಲಿ, ಪ್ರೋಟೀನನ್ನು ಒಳಗೆಳೆದುಕೊಳ್ಳುವುದನ್ನು ತಡೆದರೂ ನಾಳಿಕೆಗಳ ನಡುವಿನ ಹಾನಿ ತಪ್ಪಲಿಲ್ಲ. ಈ ಎರಡು ಫಲಿತಾಂಶಗಳನ್ನು ಪರಸ್ಪರ ವಿರೋಧವೆಂದು ನಾನು ಓದುವುದಿಲ್ಲ. ಗ್ರಾಹಕದ ಮೂಲಕ ಒಳಹೊಕ್ಕ ಹೊರೆ ಕೋಶವನ್ನು ಬೇಗ ಘಾಸಿಗೊಳಿಸುತ್ತದೆ ಎಂಬುದೂ ನಿಜ, ಜರಡಿಯ ತೀವ್ರ ಉರಿಯೂತ ಬೇರೆ ದಾರಿಗಳಿಂದಲೂ ಸುತ್ತಲಿನ ಅಂಗಾಂಶಕ್ಕೆ ಹರಡುತ್ತದೆ ಎಂಬುದೂ ನಿಜ.

ಮೆಗಾಲಿನ್‌ನ ಜೊತೆಗೆ ಇನ್ನೊಂದು ಗ್ರಾಹಕವನ್ನು ಇಲ್ಲಿ ಹೆಸರಿಸಲೇಬೇಕು. ಕಿಮ್-1 ಎಂದು ಕರೆಯುವ ಈ ಪ್ರೋಟೀನು ಆರೋಗ್ಯವಂತ ಮೂತ್ರಪಿಂಡದಲ್ಲಿ ಕಾಣುವುದೇ ಇಲ್ಲವೆನ್ನುವಷ್ಟು ಕಡಿಮೆ; ಪೆಟ್ಟು ಬಿದ್ದ ಕೂಡಲೇ ಪ್ರಾಕ್ಸಿಮಲ್ ನಾಳಿಕೆಯ ಕೋಶಗಳ ಮೇಲೆ ಹೇರಳವಾಗಿ ಮೂಡುತ್ತದೆ. 1998ರಲ್ಲಿ ಇದರ ವರದಿ ಬಂತು. ಸತ್ತ ಕೋಶಗಳ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುವ ಕೊಬ್ಬಿನ ಅಣುವೊಂದನ್ನು ಗುರುತಿಸಿ, ಆ ಕೋಶಗಳ ಅವಶೇಷಗಳನ್ನು ನುಂಗಿ ನಾಳಿಕೆಯನ್ನು ಶುಚಿಗೊಳಿಸುವುದು ಇದರ ಕೆಲಸ ಎಂದು 2008ರಲ್ಲಿ ತಿಳಿಯಿತು. ಪೆಟ್ಟು ತಾತ್ಕಾಲಿಕವಾಗಿದ್ದರೆ ಇದರಿಂದ ಉಪಕಾರವೇ. ಆದರೆ ಇಲಿಗಳಲ್ಲಿ ಕಿಮ್-1 ಸದಾಕಾಲ ಇರುವಂತೆ ಮಾಡಿದಾಗ, ಬೇರೆ ಯಾವ ಪೆಟ್ಟೂ ಇಲ್ಲದೆಯೇ ಉರಿಯೂತ ಮತ್ತು ನಾರುಗಟ್ಟುವಿಕೆ ಶುರುವಾಯಿತು ಎಂದು 2013ರಲ್ಲಿ ವರದಿಯಾಯಿತು. ಅಲ್ಬ್ಯುಮಿನ್ ಹೊತ್ತು ತಂದ ಕೊಬ್ಬಿನಾಮ್ಲವನ್ನು ಸಕ್ಕರೆ ಕಾಯಿಲೆಯಲ್ಲಿ ಕೋಶದೊಳಗೆ ಸೇರಿಸುವುದರಲ್ಲಿ ಕಿಮ್-1ಗೂ ಕೈಯಿದೆ ಎಂಬುದಕ್ಕೆ 2021ರಲ್ಲಿ ಪುರಾವೆ ಸಿಕ್ಕಿತು. ಅಲ್ಪಾವಧಿಗೆ ರಕ್ಷಕವಾದದ್ದು ದೀರ್ಘಾವಧಿಯಲ್ಲಿ ಹಾನಿಕರವಾಗುವ ಈ ಸ್ವಭಾವ ನಾಳಿಕೆಯ ಗ್ರಾಹಕಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಪರೀಕ್ಷೆ ಮತ್ತು ಔಷಧಿ

ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿ ಹೆಚ್ಚಾಗಿ ಪತ್ತೆಹಚ್ಚುವುದು ಅಲ್ಬ್ಯುಮಿನ್ನನ್ನು. ನಾಳಿಕೆಯ ಗ್ರಾಹಕಗಳು ಸೋತಾಗ ಸೋರುವ ಸಣ್ಣ ಪ್ರೋಟೀನುಗಳು ಅದಕ್ಕೆ ಕಾಣದೆ ಹೋಗಬಹುದು. ಆದ್ದರಿಂದ ನಾಳಿಕೆಯ ದೋಷದ ಶಂಕೆ ಇದ್ದಲ್ಲಿ ಮೂತ್ರದ ಒಟ್ಟು ಪ್ರೋಟೀನನ್ನೂ ಅಲ್ಬ್ಯುಮಿನ್ನನ್ನೂ ಎರಡನ್ನೂ ಅಳೆದು ಹೋಲಿಸುವುದು, ಜೊತೆಗೆ ಆಲ್ಫಾ-1 ಮೈಕ್ರೋಗ್ಲಾಬ್ಯುಲಿನ್ ಇಲ್ಲವೇ ರೆಟಿನಾಲ್ (ಎ ವಿಟಮಿನ್) ವಾಹಕ ಪ್ರೋಟೀನಿನಂಥ ಸಣ್ಣ ಪ್ರೋಟೀನನ್ನು ನೋಡುವುದು ಅಗತ್ಯ. ಒಟ್ಟು ಪ್ರೋಟೀನ್ ಹೆಚ್ಚಿದ್ದು ಅದರಲ್ಲಿ ಅಲ್ಬ್ಯುಮಿನ್‌ನ ಪಾಲು ಕಡಿಮೆಯಿದ್ದರೆ ದೋಷ ಜರಡಿಯದ್ದಲ್ಲ, ನಾಳಿಕೆಯದ್ದಿರಬಹುದು. ರಕ್ತದಲ್ಲಿ ಪ್ರತಿಕಾಯಗಳ ತುಣುಕುಗಳು ಅತಿಯಾಗಿ ಹುಟ್ಟುವ ಮೈಲೋಮದಂಥ ಕಾಯಿಲೆಯೂ ಇರಬಹುದು, ಆ ತುಣುಕುಗಳನ್ನೂ ಇದೇ ಗ್ರಾಹಕಗಳ ಮೂಲಕ ಒಳಗೆಳೆದುಕೊಂಡು ನಾಳಿಕೆಯ ಕೋಶಗಳು ಘಾಸಿಗೊಳ್ಳುತ್ತವೆ. ಮೆಗಾಲಿನ್ ಅಣುವನ್ನೇ ಮೂತ್ರದಲ್ಲಿ ಅಳೆಯುವ ಪ್ರಯತ್ನವೂ ಜಪಾನಿನಲ್ಲಿ ನಡೆದಿದೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯುಳ್ಳವರ ಮೂತ್ರದಲ್ಲಿ ಪೂರ್ಣ ಉದ್ದದ ಮೆಗಾಲಿನ್ ಹೆಚ್ಚಾಗಿ ಕಾಣುತ್ತದೆ, ಕೆಲವರಲ್ಲಿ ಅಲ್ಬ್ಯುಮಿನ್ ಇನ್ನೂ ಸಹಜ ಮಿತಿಯಲ್ಲಿರುವಾಗಲೇ ಕಾಣುತ್ತದೆ ಎಂದು 2012ರಲ್ಲಿ ಅಲ್ಲಿನ ಸಂಶೋಧಕರು ವರದಿ ಮಾಡಿದರು. ಹೊರೆಯಿಂದ ಬಳಲಿದ ಕೋಶ ತನ್ನ ಗ್ರಾಹಕಗಳನ್ನು ಸೂಕ್ಷ್ಮ ಚೀಲಗಳಲ್ಲಿ ತುಂಬಿ ಹೊರಹಾಕುತ್ತಿದೆ ಎಂಬುದು ಅದಕ್ಕೆ ಅವರು ಕೊಡುವ ವಿವರಣೆ.

ಕೆಲವು ಔಷಧಿಗಳು ಮೂತ್ರಪಿಂಡಕ್ಕೆ ಕೇಡು ಮಾಡುವುದಕ್ಕೂ ಇದೇ ಗ್ರಾಹಕಗಳು ದಾರಿ. ಜೆಂಟಾಮೈಸಿನ್ ಮತ್ತು ಅದರ ಗುಂಪಿನ ಆ್ಯಂಟಿಬಯಾಟಿಕ್‌ಗಳು ಜರಡಿಯನ್ನು ಸಲೀಸಾಗಿ ದಾಟಿ ಬರುತ್ತವೆ, ಮೆಗಾಲಿನ್ ಅವನ್ನು ಹಿಡಿದು ಕೋಶದೊಳಗೆ ಕಳಿಸುತ್ತದೆ, ಅಲ್ಲಿ ಅವು ಲೈಸೊಸೋಮ್‌ಗಳಲ್ಲಿ ಕೂಡಿಕೊಂಡು ಕೋಶವನ್ನು ಕೊಲ್ಲುತ್ತವೆ. ಒಳಕಿವಿಯಲ್ಲೂ ಮೆಗಾಲಿನ್ ಇದೆ. ಈ ಔಷಧಿಗಳು ಕಿವಿಗೂ ಹಾನಿ ಮಾಡುತ್ತವೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ದೀರ್ಘಕಾಲೀನ ಕಾಯಿಲೆ ಇರುವವರಿಗೆ ಇಂಥ ಔಷಧಿಯ ಪ್ರಮಾಣ ಮತ್ತು ಅಂತರವನ್ನು ಅಳೆದು ತೂಗಿ ಕೊಡುವುದು, ಸಾಧ್ಯವಿದ್ದಲ್ಲಿ ಬೇರೆಯದನ್ನು ಆರಿಸುವುದು, ಉಳಿದಿರುವ ನಾಳಿಕೆಗಳನ್ನು ಕಾಪಾಡುವುದಕ್ಕಾಗಿಯೇ.

ಚಿಕಿತ್ಸೆಯಲ್ಲಿ ಈಗ ಬಳಕೆಯಲ್ಲಿರುವ ಔಷಧಿಗಳು ಮೆಗಾಲಿನ್ನನ್ನು ನೇರವಾಗಿ ಮುಟ್ಟುವುದಿಲ್ಲ. ಅವು ಗ್ರಾಹಕದ ಮುಂದೆ ಬಂದು ನಿಲ್ಲುವ ಹೊರೆಯನ್ನು ಇಳಿಸುತ್ತವೆ. ರಕ್ತದೊತ್ತಡವನ್ನು ಏರಿಸುವ ಆ್ಯಂಜಿಯೋಟೆನ್ಸಿನ್ ಹಾರ್ಮೋನ್ ವ್ಯವಸ್ಥೆಯನ್ನು ತಡೆಯುವ ಮಾತ್ರೆಗಳು ಜರಡಿಯೊಳಗಿನ ಒತ್ತಡವನ್ನು ತಗ್ಗಿಸಿ ಅಲ್ಬ್ಯುಮಿನ್ ಸೋರಿಕೆಯನ್ನು ಕಡಿಮೆ ಮಾಡುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಔಷಧಿಗಳು ಪ್ರಾಕ್ಸಿಮಲ್ ನಾಳಿಕೆಯಲ್ಲೇ ಕೆಲಸ ಮಾಡುತ್ತವೆ: ಗ್ಲೂಕೋಸನ್ನೂ ಸೋಡಿಯಂನ್ನೂ ಒಳಗೆಳೆಯುವ ಸಾಗಣೆ ಪ್ರೋಟೀನನ್ನು ಅವು ತಡೆಯುವುದರಿಂದ, ನಾಳಿಕೆಯ ಮುಂದಿನ ಭಾಗಕ್ಕೆ ಹೆಚ್ಚು ಸೋಡಿಯಂ ತಲುಪಿ, ಅದರ ಸೂಚನೆಯಂತೆ ಜರಡಿಗೆ ಬರುವ ರಕ್ತನಾಳ ಬಿಗಿಯಾಗಿ ಮಿತಿಮೀರಿದ ಸೋಸುವಿಕೆ ಇಳಿಯುತ್ತದೆ. 2020 ಮತ್ತು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಈ ಔಷಧಿಗಳು ಮೂತ್ರಪಿಂಡದ ಕುಸಿತವನ್ನು ನಿಧಾನಗೊಳಿಸುತ್ತವೆ ಎಂದು ತೋರಿಸಿದವು. ನಾಳಿಕೆಯ ಕೆಳಭಾಗದ ಕೋಶಗಳೇ ಮೊದಲಾದ ಹಲವು ಕಡೆ ಇರುವ ಮತ್ತೊಂದು ಗ್ರಾಹಕವನ್ನು, ಅಂದರೆ ಆಲ್ಡೊಸ್ಟೆರಾನ್ ಹಾರ್ಮೋನ್ ಬಂದು ಅಂಟುವ ಮಿನರಲೊಕಾರ್ಟಿಕಾಯ್ಡ್ ಗ್ರಾಹಕವನ್ನು, ತಡೆದು ಉರಿಯೂತ ಮತ್ತು ನಾರುಗಟ್ಟುವಿಕೆಯನ್ನು ತಗ್ಗಿಸುವ ಫಿನೆರೆನೋನ್, ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಜೊತೆಗೆ ಮೂತ್ರಪಿಂಡ ಕಾಯಿಲೆ ಇರುವವರಿಗೆ 2021ರಿಂದ ಬಳಕೆಗೆ ಬಂದಿದೆ.

ಮೆಗಾಲಿನ್ನನ್ನೇ ತಡೆದರೆ ಹೇಗೆ ಎಂಬ ವಿಚಾರಕ್ಕೆ ದಾರಿ ತೆರೆದದ್ದು ಒಂದು ಹಳೆಯ ಔಷಧಿ. ಇಮಿಪೆನೆಮ್ ಎಂಬ ಆ್ಯಂಟಿಬಯಾಟಿಕ್ ಮೂತ್ರಪಿಂಡದ ಕಿಣ್ವವೊಂದರಿಂದ ಒಡೆದುಹೋಗದಂತೆ ಅದರ ಜೊತೆಗೆ ಸೈಲಸ್ಟಾಟಿನ್ ಎಂಬ ಪದಾರ್ಥವನ್ನು 1980ರ ದಶಕದಿಂದ ಸೇರಿಸಿ ಕೊಡಲಾಗುತ್ತಿದೆ. ಈ ಸೈಲಸ್ಟಾಟಿನ್ ಮೆಗಾಲಿನ್‌ಗೆ ಇತರ ಅಣುಗಳು ಅಂಟದಂತೆಯೂ ತಡೆಯುತ್ತದೆ, ಇಲಿಗಳಲ್ಲಿ ಜೆಂಟಾಮೈಸಿನ್, ಕೊಲಿಸ್ಟಿನ್‌ನಂಥ ಔಷಧಿಗಳ ಹಾನಿಯನ್ನು ಕಡಿಮೆ ಮಾಡುತ್ತದೆ ಎಂದು 2017ರಲ್ಲಿ ವರದಿಯಾಯಿತು. ಕೆಲವೇ ದಿನಗಳ ಆ್ಯಂಟಿಬಯಾಟಿಕ್ ಚಿಕಿತ್ಸೆಯಲ್ಲಿ ನಾಳಿಕೆಯನ್ನು ಕಾಪಾಡಲು ಇಂಥ ತಡೆ ಉಪಯೋಗಕ್ಕೆ ಬರಬಹುದು. ವರ್ಷಗಟ್ಟಲೆ ನಡೆಯುವ ದೀರ್ಘಕಾಲೀನ ಕಾಯಿಲೆಯಲ್ಲಿ ಹಾಗೆ ಮಾಡುವುದು ಬೇರೆಯೇ ಮಾತು, ಏಕೆಂದರೆ ಮೆಗಾಲಿನ್ನನ್ನು ಸದಾ ತಡೆದಿಟ್ಟರೆ ಅಲ್ಬ್ಯುಮಿನ್‌ನ ಹೊರೆಯ ಜೊತೆಗೇ ಡಿ, ಎ ಮತ್ತು ಬಿ12 ವಿಟಮಿನ್ನುಗಳ ಮರುಹೀರಿಕೆಯೂ ನಿಲ್ಲುತ್ತದೆ, ಅದೂ ಮೂಳೆಗಳು ಮೊದಲೇ ದುರ್ಬಲವಾಗಿರುವ ರೋಗಿಗಳಲ್ಲಿ. ಕ್ಯೂಬಿಲಿನ್‌ನ ಒಂದು ತುದಿ ಮಾತ್ರ ಕೆಟ್ಟಿರುವವರು ಬಿ12 ಕೊರತೆಯಿಲ್ಲದೆ, ಸಹಜ ಮೂತ್ರಪಿಂಡದೊಂದಿಗೆ ಬದುಕುತ್ತಿದ್ದಾರೆ ಎಂಬ ಸಂಗತಿಯನ್ನು ಗಮನಿಸಿದರೆ, ಗ್ರಾಹಕವನ್ನು ಪೂರ್ತಿ ಮುಚ್ಚುವ ಬದಲು ಅಲ್ಬ್ಯುಮಿನ್ ಅಂಟುವ ಭಾಗವನ್ನಷ್ಟೇ ತಡೆಯುವ ಔಷಧಿಯನ್ನು ಹುಡುಕುವುದು ಹೆಚ್ಚು ಭರವಸೆಯ ದಾರಿ ಎಂದು ನನಗೆ ತೋರುತ್ತದೆ.